ಕರಗಲೆಂದೇ ಕಟ್ಟಿದ ಹಂದರ

ಮಾನವ ದೇಹದಲ್ಲಿ ಗಾಯದ ಕಲೆಯುಳಿಯದಂತೆ ಮೊದಲಿನ ರೂಪಕ್ಕೆ ಮರಳಬಲ್ಲ ಅಂಗಾಂಶಗಳು ಕೆಲವೇ ಕೆಲವು, ಮೂಳೆ ಅವುಗಳಲ್ಲೊಂದು. ಚರ್ಮ ಆಳವಾಗಿ ಕೊಯ್ದರೆ ಕಲೆ ಉಳಿಯುತ್ತದೆ, ಹೃದಯದ ಸ್ನಾಯು ಸತ್ತರೆ ಆ ಜಾಗವನ್ನು ನಾರು ತುಂಬುತ್ತದೆ. ಮುರಿದ ಮುಂಗೈ ಮೂಳೆಯನ್ನು ಸರಿಯಾಗಿ ಕೂಡಿಸಿ ಅಲುಗದಂತೆ ಕಟ್ಟಿದರೆ ಮಾತ್ರ ಕೆಲವು ತಿಂಗಳಲ್ಲಿ ಅಲ್ಲಿ ಬೆಳೆಯುವುದು ಮೂಳೆಯೇ. ಆದರೆ ಈ ಸಾಮರ್ಥ್ಯಕ್ಕೂ ಮಿತಿಯಿದೆ. ಅಪಘಾತದಲ್ಲಿ ಮೂಳೆಯ ಒಂದು ತುಂಡೇ ಕಳೆದುಹೋದಾಗ, ಗೆಡ್ಡೆಯನ್ನು ಕತ್ತರಿಸಿ ತೆಗೆದಾಗ, ಸೋಂಕು ತಗುಲಿದ ಭಾಗವನ್ನು ಕೆರೆದು ಹಾಕಿದಾಗ ಉಳಿಯುವ ತೆರಪು ಒಂದು ಅಳತೆಯನ್ನು ಮೀರಿದರೆ, ಎರಡೂ ತುದಿಗಳಿಂದ ಹೊರಟ ಹೊಸ ಮೂಳೆ ನಡುವೆ ಸಂಧಿಸುವುದಿಲ್ಲ, ಆ ಜಾಗವನ್ನು ಮೃದುವಾದ ನಾರಿನ ಅಂಗಾಂಶ ಆಕ್ರಮಿಸಿಕೊಳ್ಳುತ್ತದೆ.

ಇಂಥ ತೆರಪನ್ನು ತುಂಬಲು ಶಸ್ತ್ರಚಿಕಿತ್ಸಕರು ಬಹುಕಾಲದಿಂದ ಮೊದಲು ಆರಿಸುತ್ತ ಬಂದಿರುವುದು ರೋಗಿಯದೇ ಮೂಳೆಯನ್ನು, ಸಾಮಾನ್ಯವಾಗಿ ಸೊಂಟದ ಮೂಳೆಯ ಅಂಚಿನಿಂದ ತೆಗೆದ ತುಣುಕುಗಳನ್ನು. ಅದರಲ್ಲಿ ಜೀವಕೋಶಗಳಿವೆ, ಬೆಳವಣಿಗೆಗೆ ಪ್ರಚೋದನೆ ನೀಡುವ ಪ್ರೋಟೀನುಗಳಿವೆ, ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುವುದಿಲ್ಲ. ಆದರೆ ಅದು ಸಿಗುವ ಪ್ರಮಾಣ ಕಡಿಮೆ, ತೆಗೆದ ಜಾಗದಲ್ಲಿ ಮತ್ತೊಂದು ಗಾಯ ಮತ್ತು ಕೆಲವೊಮ್ಮೆ ದೀರ್ಘಕಾಲದ ನೋವು ಉಳಿಯುತ್ತದೆ. ಎರಡನೆಯ ದಾರಿ ದಾನಿಗಳ ಮೂಳೆ. ಟೊರೊಂಟೊದ ಮೌಂಟ್ ಸೈನಾಯ್ ಆಸ್ಪತ್ರೆ ಇದರಲ್ಲಿ ಹೆಸರಾದದ್ದು. ಅಲ್ಲಿ ಅಲನ್ ಗ್ರಾಸ್ ಅವರು 1970ರ ದಶಕದಿಂದಲೇ ದಾನಿಗಳಿಂದ ಪಡೆದ ಮೂಳೆ ಮತ್ತು ಮೃದ್ವಸ್ಥಿಯ ತುಂಡುಗಳನ್ನು ಮಂಡಿಯ ಕೀಲಿಗೆ ಕಸಿ ಮಾಡುವ ಚಿಕಿತ್ಸೆಯನ್ನು ಬೆಳೆಸಿದರು. ದಾನಿಗಳ ಸಂಖ್ಯೆ, ಸೋಂಕಿನ ತಪಾಸಣೆ, ಅಂಗಾಂಶದ ಸಂರಕ್ಷಣೆ ಇವೆಲ್ಲ ಆ ದಾರಿಯ ಮಿತಿಗಳು. ಹೀಗಾಗಿ ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಿಸಬಹುದಾದ, ದೇಹದೊಳಗೆ ಕೆಲಕಾಲ ನಿಂತು, ಮೂಳೆ ಬೆಳೆದಂತೆ ತಾನು ಕರಗಿ ಜಾಗ ಬಿಟ್ಟುಕೊಡುವ ಮೂರನೆಯ ವಸ್ತುವಿನ ಹುಡುಕಾಟ ಆರಂಭವಾಯಿತು. ಅವರೆ ಬಳ್ಳಿ ಹಬ್ಬಲು ಹಾಕಿದ ಹಂದರದಂತೆ ಜೀವಕೋಶಗಳು ಹಬ್ಬಲು ಆಸರೆ ಕೊಡುವ ಈ ಸರಂಧ್ರ ರಚನೆಗೆ ಹಂದರವೆಂಬ ಹೆಸರೇ ಸಲ್ಲುತ್ತದೆ, ಆದರೆ ಇದು ಬಳ್ಳಿ ಹಬ್ಬುತ್ತಿದ್ದಂತೆ ತಾನು ಇಲ್ಲವಾಗಬೇಕಾದ ಹಂದರ. ಎಷ್ಟು ಬೇಗ ಇಲ್ಲವಾಗಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಈ ಕ್ಷೇತ್ರದ ಸಂಶೋಧನೆಯ ಬಹುಪಾಲು ನಡೆದಿದೆ.

ಮೂಳೆ ಎಂಬ ಜೋಡಿ ವಸ್ತು

ಹಂದರಕ್ಕೆ ಯಾವ ವಸ್ತು ತಕ್ಕದ್ದು ಎಂಬುದಕ್ಕೆ ಉತ್ತರ ಮೂಳೆಯ ರಚನೆಯಲ್ಲೇ ಇದೆ. ತೂಕದ ಲೆಕ್ಕದಲ್ಲಿ ಮೂಳೆಯ ಸುಮಾರು ಮೂರರಲ್ಲೆರಡು ಭಾಗ ಖನಿಜ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು, ಮಿಕ್ಕಿದ್ದು ನೀರು. ಖನಿಜ ಭಾಗವು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟನ್ನು ಬಹುಮಟ್ಟಿಗೆ ಹೋಲುತ್ತದೆ. ಅದರಲ್ಲಿ ಪ್ರತಿ 6 ಫಾಸ್ಫರಸ್ ಪರಮಾಣುಗಳಿಗೆ 10 ಕ್ಯಾಲ್ಸಿಯಂ ಪರಮಾಣುಗಳಿರುತ್ತವೆ. ಮೂಳೆಯನ್ನು ದುರ್ಬಲ ಆಮ್ಲದಲ್ಲಿ ಕೆಲವು ದಿನ ನೆನೆಹಾಕಿದರೆ ಖನಿಜ ಕರಗಿ ಉಳಿಯುವ ಕೊಲಾಜೆನ್ ರಬ್ಬರಿನಂತೆ ಬಾಗುತ್ತದೆ. ಸುಟ್ಟರೆ ಕೊಲಾಜೆನ್ ಉರಿದುಹೋಗಿ ಉಳಿಯುವ ಖನಿಜವು ಆಕಾರವನ್ನು ಉಳಿಸಿಕೊಂಡರೂ ಬೆರಳಿನ ಒತ್ತಡಕ್ಕೇ ಪುಡಿಯಾಗುತ್ತದೆ. ಅಂದರೆ ಖನಿಜದಿಂದ ಗಡಸುತನ, ಕೊಲಾಜೆನ್ನಿನಿಂದ ಬಿರುಕನ್ನು ತಡೆದುಕೊಳ್ಳುವ ಜಿಗುಟುತನ ಬಂದಿವೆ. ವಿಜ್ಞಾನದ ಪರಿಭಾಷೆಯಲ್ಲಿ ಹೇಳುವುದಾದರೆ ಖನಿಜವು ಸೆರಾಮಿಕ್, ಎಂದರೆ ಲೋಹವೂ ಸಾವಯವವೂ ಅಲ್ಲದ, ಗಡುಸಾದ ಆದರೆ ಸುಲಭವಾಗಿ ಸೀಳುವ ಘನ; ಕೊಲಾಜೆನ್ ಪಾಲಿಮರ್, ಎಂದರೆ ಸಣ್ಣ ಘಟಕಗಳು ಸಾಲಾಗಿ ಕೂಡಿಕೊಂಡು ಆದ ಉದ್ದನೆಯ ಅಣುಸರಪಳಿ. ಪಾಲಿಮರ್ ಲೇಪಿಸಿದ ಸೆರಾಮಿಕ್ ಹಂದರವು ಪ್ರಕೃತಿಯ ಈ ಜೋಡಣೆಯ ಒರಟಾದ ಅನುಕರಣೆ ಎನ್ನಬಹುದು.

ಕ್ಯಾಲ್ಸಿಯಂ ಫಾಸ್ಫೇಟುಗಳನ್ನು ಮೂಳೆಯ ಚಿಕಿತ್ಸೆಗೆ ಬಳಸುವ ಯತ್ನ ಹೊಸದಲ್ಲ. ಅಮೆರಿಕದ ಶಸ್ತ್ರಚಿಕಿತ್ಸಕ ಫ್ರೆಡ್ ಆಲ್ಬೀ 1920ರಲ್ಲೇ ಟ್ರೈಕ್ಯಾಲ್ಸಿಯಂ ಫಾಸ್ಫೇಟಿನ ಪ್ರಯೋಗವನ್ನು ವರದಿ ಮಾಡಿದ್ದರು. 1969ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರು ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ ಮತ್ತು ಫಾಸ್ಫರಸ್ಸಿನ ಆಕ್ಸೈಡುಗಳನ್ನು ಕೂಡಿಸಿ ಮಾಡಿದ ಬಯೋಗ್ಲಾಸ್ ಎಂಬ ಗಾಜು ಮೂಳೆಯೊಂದಿಗೆ ನೇರವಾಗಿ ಬೆಸೆದುಕೊಳ್ಳುವುದನ್ನು ತೋರಿಸಿದರು. ಕೃತಕ ವಸ್ತುವೊಂದನ್ನು ದೇಹ ಸಹಿಸಿಕೊಂಡರೆ ಸಾಕೆಂಬ ನಿರೀಕ್ಷೆ ಅಲ್ಲಿಂದ ಮುಂದೆ ಬದಲಾಗಿ, ವಸ್ತುವೇ ದೇಹದೊಂದಿಗೆ ವ್ಯವಹರಿಸಬೇಕೆಂಬ ವಿಚಾರ ಬೇರೂರಿತು.

ವಸ್ತುವಿನಷ್ಟೇ ಮುಖ್ಯವಾದದ್ದು ಅದರ ರಂಧ್ರಗಳು. ಜೀವಕೋಶಗಳು ಒಳಗೆ ಸಾಗಿ ಮೂಳೆ ಕಟ್ಟಬೇಕಾದರೆ ರಂಧ್ರಗಳು ಕನಿಷ್ಠ ಸುಮಾರು 100 ಮೈಕ್ರೊಮೀಟರ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲವಿರಬೇಕು ಎಂಬುದು ಬಹುಕಾಲದ ಲೆಕ್ಕ. ರಕ್ತನಾಳಗಳೂ ಒಳಗೆ ಬೆಳೆಯಬೇಕಾದರೆ 300 ಮೈಕ್ರೊಮೀಟರಿಗಿಂತ ಹೆಚ್ಚಿನ ಅಗಲ ಒಳ್ಳೆಯದೆಂದು ಅನೇಕ ಸಂಶೋಧಕರು ಅಭಿಪ್ರಾಯಪಡುತ್ತಾರೆ. ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರಬೇಕು, ಮುಚ್ಚಿದ ಗುಳ್ಳೆಗಳಿಂದ ಪ್ರಯೋಜನವಿಲ್ಲ. ಆದರೆ ರಂಧ್ರ ಹೆಚ್ಚಿದಷ್ಟೂ ಹಂದರ ದುರ್ಬಲವಾಗುತ್ತದೆ. ಮೂಳೆಯ ಹೊರಗಿನ ಗಟ್ಟಿ ಕವಚವು 100 ಮೆಗಾಪಾಸ್ಕಲಿಗೂ ಮೀರಿದ ಅದುಮುವ ಒತ್ತಡವನ್ನು ತಡೆಯಬಲ್ಲದು. ಒಳಗಿನ ಜಾಲರಿಯಂಥ ಮೂಳೆ ತಡೆಯುವುದು ಸ್ಥೂಲವಾಗಿ 2ರಿಂದ 12 ಮೆಗಾಪಾಸ್ಕಲ್. ತೊಂಬತ್ತು ಶೇಕಡಾ ಖಾಲಿ ಜಾಗವಿರುವ ಸೆರಾಮಿಕ್ ಹಂದರಕ್ಕೆ ಈ ಕಡಿಮೆ ಅಳತೆಯನ್ನು ಮುಟ್ಟುವುದೂ ಕಷ್ಟ, ಪಾಲಿಮರಿನ ಪೊರೆಯ ಅಗತ್ಯ ಹುಟ್ಟಿದ್ದೇ ಈ ಕಷ್ಟದಿಂದ.

ಲೋಹದಿಂದ ಸೆರಾಮಿಕ್ಕಿಗೆ: ಟೊರೊಂಟೊದ ದಾರಿ

ರಂಧ್ರಗಳೊಳಗೆ ಮೂಳೆ ಬೆಳೆಯುವ ಬಗೆಯನ್ನು ಅರಿಯುವುದರಲ್ಲಿ ಟೊರೊಂಟೊ ಪ್ರದೇಶದ ಪಾಲು ದೊಡ್ಡದು. ಮಿಸ್ಸಿಸಾಗಾದ ಶೆರಿಡನ್ ಪಾರ್ಕಿನಲ್ಲಿದ್ದ ಒಂಟಾರಿಯೊ ರಿಸರ್ಚ್ ಫೌಂಡೇಶನ್ನಿನ ಲೋಹವಿಜ್ಞಾನಿ ರಾಬರ್ಟ್ ಪಿಲ್ಲಿಯರ್ ಅವರು 1970ರ ದಶಕದಲ್ಲಿ ಟೊರೊಂಟೊದ ಮೂಳೆ ಶಸ್ತ್ರಚಿಕಿತ್ಸಕರಾದ ಹ್ಯೂ ಕ್ಯಾಮರನ್ ಮತ್ತು ಇಯಾನ್ ಮ್ಯಾಕ್ನಾಬ್ ಅವರೊಂದಿಗೆ ಸೇರಿ, ಕೃತಕ ಕೀಲಿನ ಲೋಹದ ಮೈಗೆ ಅದೇ ಲೋಹದ ಸಣ್ಣ ಕಣಗಳನ್ನು ಬಿಸಿಯಿಂದ ಬೆಸೆದು ಸರಂಧ್ರ ಪದರವನ್ನು ಕೂಡಿಸುವ ವಿಧಾನವನ್ನು ರೂಪಿಸಿದರು. ಸಿಮೆಂಟಿನ ಅಂಟಿಲ್ಲದೆ ಮೂಳೆಯೇ ಆ ಪದರದೊಳಗೆ ಬೆಳೆದು ಕೀಲನ್ನು ಹಿಡಿದುಕೊಳ್ಳುವುದು ಅದರ ಉದ್ದೇಶ. ಮುಂದೆ ಟೊರೊಂಟೊ ವಿಶ್ವವಿದ್ಯಾಲಯದ ದಂತವಿಜ್ಞಾನ ವಿಭಾಗದಲ್ಲಿ ಪಿಲ್ಲಿಯರ್ ಮತ್ತು ಡಗ್ಲಸ್ ಡಿಪೋರ್ಟರ್ ಅವರು ಇದೇ ತತ್ವದ ಮೇಲೆ ಹಲ್ಲಿನ ಕೃತಕ ಬೇರನ್ನು ಅಭಿವೃದ್ಧಿಪಡಿಸಿದರು, ಅದು ಎಂಡೋಪೋರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಆ ಕಾಲದ ಒಂದು ಕಂಡುಕೊಳ್ಳುವಿಕೆ ಇಂದಿಗೂ ಈ ಕ್ಷೇತ್ರದ ಮೂಲಪಾಠವಾಗಿ ಉಳಿದಿದೆ. 1986ರಲ್ಲಿ ಪಿಲ್ಲಿಯರ್ ಮತ್ತು ಸಂಗಡಿಗರು ಪ್ರಕಟಿಸಿದ ಅವಲೋಕನದ ಪ್ರಕಾರ, ಗಾಯ ಮಾಯುವ ಆರಂಭದ ಅವಧಿಯಲ್ಲಿ ಕೃತಕ ಅಂಗವು ಮೂಳೆಯ ಎದುರು ಸುಮಾರು 150 ಮೈಕ್ರೊಮೀಟರಿಗಿಂತ ಹೆಚ್ಚು ಅಲುಗಾಡಿದರೆ ರಂಧ್ರಗಳಲ್ಲಿ ಮೂಳೆಯ ಬದಲು ನಾರು ಬೆಳೆಯುತ್ತದೆ. ಸುಮಾರು 28 ಮೈಕ್ರೊಮೀಟರಿನ ಅಲುಗಾಟವಿದ್ದಾಗಲಾದರೋ ಮೂಳೆ ಬೆಳೆದದ್ದು ಕಂಡುಬಂದಿತ್ತು. ಹಂದರದ ರಸಾಯನ ಎಷ್ಟೇ ಚೆನ್ನಾಗಿದ್ದರೂ ಅದನ್ನು ಅಲುಗದಂತೆ ಕೂರಿಸಲಾಗದಿದ್ದರೆ ಫಲವಿಲ್ಲ ಎಂಬುದು ಇದರ ಅರ್ಥ. ಸಾಕಷ್ಟು ಬಲವಿಲ್ಲದೆ ಪುಡಿಯಾಗುವ ಸೆರಾಮಿಕ್ ಹಂದರ ಸೋಲುವುದಕ್ಕೆ ಇದೂ ಒಂದು ಕಾರಣ: ಒಡೆದ ತುಣುಕುಗಳು ಅಲುಗಾಡುತ್ತವೆ, ಅಲುಗಾಟ ನಾರನ್ನು ಬೆಳೆಸುತ್ತದೆ.

ಲೋಹವಾದರೋ ದೇಹದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಉಳಿಯದ ವಸ್ತುವಿನ ಶೋಧದಲ್ಲಿ ಪಿಲ್ಲಿಯರ್ ಅವರ ಜೊತೆಗೂಡಿದವರು ಮೌಂಟ್ ಸೈನಾಯ್ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯ ಮಾರ್ಕ್ ಗ್ರಿನ್‌ಪಾಸ್ ಮತ್ತು ಅಲ್ಲಿಯ ರೋಗಶಾಸ್ತ್ರಜ್ಞೆ ರೀಟಾ ಕ್ಯಾಂಡೆಲ್. ಎಡ್ವರ್ಡ್ ಸ್ಟ್ರೀಟಿನಲ್ಲಿರುವ ದಂತವಿಜ್ಞಾನ ವಿಭಾಗಕ್ಕೂ ಯೂನಿವರ್ಸಿಟಿ ಅವೆನ್ಯೂ ಮೇಲಿರುವ ಆಸ್ಪತ್ರೆಗೂ ನಡುವೆ ಇರುವುದು ಕೆಲವು ನಿಮಿಷಗಳ ನಡಿಗೆಯ ದೂರ; ಕುಲುಮೆಯಲ್ಲಿ ವಸ್ತು ತಯಾರಿಸುವವರೂ, ಮೂಳೆಯ ಖನಿಜವನ್ನು ಅಳೆಯುವವರೂ, ಜೀವಕೋಶಗಳನ್ನು ಬೆಳೆಸುವವರೂ ಹೀಗೆ ಹತ್ತಿರದಲ್ಲಿದ್ದದ್ದು ಈ ಬಗೆಯ ಕೆಲಸಕ್ಕೆ ಅನುಕೂಲವಾಯಿತು. ಈ ತಂಡ ಆರಿಸಿಕೊಂಡದ್ದು ಕ್ಯಾಲ್ಸಿಯಂ ಪಾಲಿಫಾಸ್ಫೇಟ್ ಎಂಬ ಸೆರಾಮಿಕ್ಕನ್ನು. ಸಾಮಾನ್ಯ ಕ್ಯಾಲ್ಸಿಯಂ ಫಾಸ್ಫೇಟುಗಳಲ್ಲಿ ಫಾಸ್ಫೇಟ್ ಗುಂಪುಗಳು ಬಿಡಿಬಿಡಿಯಾಗಿರುತ್ತವೆ. ಇದರಲ್ಲಿ ಅವು ಆಮ್ಲಜನಕದ ಕೊಂಡಿಯಿಂದ ಒಂದರ ಹಿಂದೊಂದು ಕೂಡಿಕೊಂಡು ಉದ್ದನೆಯ ಸರಪಳಿಯಾಗಿರುತ್ತವೆ. ಅಂದರೆ ಗುಣದಲ್ಲಿ ಸೆರಾಮಿಕ್ ಆದ ಈ ವಸ್ತು ರಚನೆಯಲ್ಲಿ ಒಂದು ನಿರವಯವ ಪಾಲಿಮರ್. ನೀರು ಆ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತ ಹೋದಂತೆ ಸರಪಳಿ ಮೊಟಕಾಗಿ, ದೇಹಕ್ಕೆ ಪರಿಚಿತವಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮಾತ್ರ ಉಳಿಯುತ್ತವೆ.

ತಯಾರಿಕೆಯ ವಿಧಾನ ಹೀಗೆ: ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ಲವಣವನ್ನು ಕಾಯಿಸಿ, ಸುಮಾರು 1100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿಸಿ, ಥಟ್ಟನೆ ತಣಿಸಿ ಗಾಜಿನಂತೆ ಮಾಡಲಾಗುತ್ತದೆ, ಅದನ್ನು ಅರೆದು, ಜರಡಿ ಹಿಡಿದು ಬೇಕಾದ ಗಾತ್ರದ ಕಣಗಳನ್ನು ಬೇರ್ಪಡಿಸಿ, ಅಚ್ಚಿನಲ್ಲಿ ತುಂಬಿ ಮತ್ತೆ ಕಾಯಿಸಿದಾಗ ಕಣಗಳು ಪೂರ್ತಿ ಕರಗದೆ ಮುಟ್ಟಿದಲ್ಲಷ್ಟೇ ಬೆಸೆದುಕೊಳ್ಳುತ್ತವೆ, ನಡುವಿನ ಸಂದುಗಳೇ ರಂಧ್ರಗಳಾಗುತ್ತವೆ. ಹೀಗೆ ಕರಗಿಸದೆ ಬೆಸೆಯುವುದಕ್ಕೆ ಸಿಂಟರಿಂಗ್ ಎಂದು ಹೆಸರು. ಕಣದ ಗಾತ್ರವನ್ನು ಬದಲಿಸಿ ರಂಧ್ರದ ಗಾತ್ರ, ಬಲ ಮತ್ತು ಕರಗುವ ವೇಗ ಮೂರನ್ನೂ ಬದಲಿಸಬಹುದು. 2001ರಲ್ಲಿ ಈ ತಂಡ ಪ್ರಯೋಗಶಾಲೆಯ ಫಲಿತಾಂಶಗಳನ್ನೂ, 2002ರಲ್ಲಿ ಮೊಲಗಳ ತೊಡೆಮೂಳೆಯ ಕೆಳತುದಿಯಲ್ಲಿ ಹಂದರವನ್ನಿಟ್ಟು ನಡೆಸಿದ ಪ್ರಯೋಗದ ಫಲಿತಾಂಶಗಳನ್ನೂ ಪ್ರಕಟಿಸಿತು. ರಂಧ್ರಗಳೊಳಗೆ ಹೊಸ ಮೂಳೆ ಬೆಳೆದಿತ್ತು. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಈ ಸೆರಾಮಿಕ್ಕಿನ ಮೇಲ್ಮೈಯಲ್ಲಿ ಮೃದ್ವಸ್ಥಿಯ ಜೀವಕೋಶಗಳನ್ನು ಬೆಳೆಸಿ, ಕೆಳಗೆ ಮೂಳೆಗೂ ಮೇಲೆ ಕೀಲಿಗೂ ಹೊಂದುವ ಇಬ್ಬಗೆಯ ಬಿರಡೆಯನ್ನು ಕುರಿಗಳ ಮಂಡಿಗೆ ಕಸಿ ಮಾಡಲಾಯಿತು.

ಈ ಕಥೆಗೆ 2009ರಲ್ಲಿ ಅನಿರೀಕ್ಷಿತ ತಿರುವೊಂದು ಸಿಕ್ಕಿತು. ಸಿಡ್ನಿ ಓಮಲಾನ್, ಗ್ರಿನ್‌ಪಾಸ್ ಮತ್ತು ಸಂಗಡಿಗರು, ಕೃತಕವೆಂದು ತಿಳಿದಿದ್ದ ಪಾಲಿಫಾಸ್ಫೇಟ್ ಸರಪಳಿಗಳು ಬೆನ್ನೆಲುಬುಳ್ಳ ಪ್ರಾಣಿಗಳ ಅಸ್ಥಿಪಂಜರದಲ್ಲೇ ಇವೆಯೆಂದೂ, ಮೂಳೆ ಸವೆಯುವ ಜಾಗಗಳಲ್ಲಿ ಮತ್ತು ಮೃದ್ವಸ್ಥಿ ಖನಿಜಗೊಳ್ಳುವ ಜಾಗಗಳಲ್ಲಿ ಅವು ಕಾಣಿಸುತ್ತವೆಯೆಂದೂ ವರದಿ ಮಾಡಿದರು. ಬಿಡಿ ಫಾಸ್ಫೇಟ್ ಹೆಚ್ಚಾದರೆ ಬೇಡದ ಕಡೆ ಖನಿಜ ಗಟ್ಟಿಯಾಗುವ ಅಪಾಯವಿರುವುದರಿಂದ ದೇಹ ಅದನ್ನು ಸರಪಳಿಯ ರೂಪದಲ್ಲಿ ಕೂಡಿಟ್ಟು, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಮೂಲಕ ಬೇಕಾದಾಗ ಬಿಡಿಸಿಕೊಳ್ಳುತ್ತದೆ ಎಂಬುದು ಅವರ ಪ್ರತಿಪಾದನೆ. ಕುಲುಮೆಯಲ್ಲಿ ತಯಾರಾದ ವಸ್ತುವನ್ನು ದೇಹ ಅಷ್ಟು ಸಲೀಸಾಗಿ ಬಿಡಿಸಿಕೊಳ್ಳುವುದೇಕೆ ಎಂಬುದಕ್ಕೆ ಇದು ಒಂದು ವಿವರಣೆಯನ್ನು ಒದಗಿಸುತ್ತದೆ.

ಪೊರೆಯ ಕೆಲಸ

ಸೆರಾಮಿಕ್ ಹಂದರಕ್ಕೆ ಪಾಲಿಮರ್ ಲೇಪಿಸುವ ಕೆಲಸ ವ್ಯವಸ್ಥಿತವಾಗಿ ನಡೆದದ್ದು 2000ದ ದಶಕದ ನಡುಭಾಗದಲ್ಲಿ, ಮುಖ್ಯವಾಗಿ ಲಂಡನ್ ಮತ್ತು ಸೋಲ್ ನಗರಗಳ ತಂಡಗಳಿಂದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಚೀಝಿ ಚೆನ್ ಮತ್ತು ಆಲ್ಡೊ ಬೊಕ್ಕಾಚಿನಿ ಅವರು ಬಯೋಗ್ಲಾಸಿನ ಪುಡಿಯನ್ನು ನೀರಿನಲ್ಲಿ ಕದಡಿ, ಆ ಕೆಸರಿನಲ್ಲಿ ಪಾಲಿಯುರೆಥೇನ್ ಸ್ಪಂಜನ್ನು ಅದ್ದಿ, ಒಣಗಿಸಿ, ಕುಲುಮೆಯಲ್ಲಿ ಸ್ಪಂಜು ಉರಿದುಹೋಗುವಂತೆ ಕಾಯಿಸಿ ಅದರ ಆಕಾರವನ್ನೇ ಗಾಜು ಸೆರಾಮಿಕ್ಕಿನಲ್ಲಿ ಪಡೆದರು. ಸುಮಾರು 90 ಶೇಕಡಾ ಖಾಲಿ ಜಾಗ ಮತ್ತು 500 ಮೈಕ್ರೊಮೀಟರಿಗೂ ದೊಡ್ಡ ರಂಧ್ರಗಳಿದ್ದ ಈ ಹಂದರ ಜೀವಕೋಶಗಳಿಗೆ ಒಳ್ಳೆಯ ಮನೆಯಾಗಿತ್ತು, ಆದರೆ ಅದರ ಬಲ ಕೇವಲ 0.3ರಿಂದ 0.4 ಮೆಗಾಪಾಸ್ಕಲ್. ಅದಕ್ಕೆ ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಕರಗುವ ಪಾಲಿಮರನ್ನು ಲೇಪಿಸಿದಾಗ ಹಂದರದ ಜಿಗುಟುತನ ಹೆಚ್ಚಿತು.

ತೆಳುವಾದ ಪೊರೆ ಇಷ್ಟು ಬದಲಾವಣೆ ತರುವುದು ಎರಡು ದಾರಿಗಳಿಂದ. ಸೆರಾಮಿಕ್ ಸೋಲುವುದು ಬಹುಪಾಲು ಅದರ ಮೈಮೇಲಿನ ಸೂಕ್ಷ್ಮ ಬಿರುಕುಗಳಿಂದ. ಸ್ಪಂಜು ಉರಿದುಹೋದ ಮೇಲೆ ಹಂದರದ ಕಡ್ಡಿಗಳೊಳಗೆ ಉಳಿದ ಟೊಳ್ಳುಗಳು ಈ ದೌರ್ಬಲ್ಯವನ್ನು ಹೆಚ್ಚಿಸುತ್ತವೆ. ದ್ರವರೂಪದ ಪಾಲಿಮರ್ ಈ ಬಿರುಕುಗಳೊಳಗೆ ಇಳಿದು ಅವನ್ನು ತುಂಬುತ್ತದೆ. ಮುಂದೆ ಭಾರ ಬಿದ್ದು ಬಿರುಕು ತೆರೆದುಕೊಂಡರೂ ಅದರ ಎರಡು ದಡಗಳ ನಡುವೆ ಪಾಲಿಮರಿನ ಎಳೆಗಳು ಚಾಚಿಕೊಂಡು ಹಿಡಿದಿರುವುದರಿಂದ ಹಂದರ ಒಮ್ಮೆಲೇ ಸಿಡಿಯುವುದಿಲ್ಲ, ನಿಜವಾದ ಮೂಳೆಯಲ್ಲಿ ಕೊಲಾಜೆನ್ ಮಾಡುವುದೂ ಇದನ್ನೇ. ಶಸ್ತ್ರಚಿಕಿತ್ಸಕರಿಗೆ ಇದರಿಂದ ದೊರೆಯುವ ಅನುಕೂಲವೂ ಸಣ್ಣದಲ್ಲ: ಹಂದರವನ್ನು ಗಾಯದ ಆಕಾರಕ್ಕೆ ಕೆತ್ತುವಾಗ, ಒತ್ತಿ ಕೂರಿಸುವಾಗ ಅದು ಕೈಯಲ್ಲಿ ಪುಡಿಯಾಗುವುದಿಲ್ಲ.

ಲೇಪನಕ್ಕೆ ಆರಿಸುವ ಪಾಲಿಮರುಗಳಲ್ಲಿ ಕೆಲವು ಆಸ್ಪತ್ರೆಗಳಿಗೆ ಹಳೆಯ ಪರಿಚಿತರು. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಿಂದ ಮಾಡಿದ ಪಾಲಿಮರುಗಳು 1970ರ ದಶಕದಿಂದಲೇ ತಾನಾಗಿ ಕರಗುವ ಹೊಲಿಗೆ ದಾರವಾಗಿ ಬಳಕೆಯಲ್ಲಿವೆ. ನೀರಿನ ಸಂಪರ್ಕದಲ್ಲಿ ಅವು ಮತ್ತೆ ಆ ಆಮ್ಲಗಳಾಗಿ ಒಡೆದು, ದೇಹದ ಸಹಜ ಚಯಾಪಚಯದಲ್ಲಿ ಸೇರಿಹೋಗುತ್ತವೆ. ಎರಡು ಆಮ್ಲಗಳ ಪ್ರಮಾಣವನ್ನು ಬದಲಿಸಿ ಕರಗುವ ಅವಧಿಯನ್ನು ವಾರಗಳಿಂದ ತಿಂಗಳುಗಳವರೆಗೆ ಹೊಂದಿಸಬಹುದು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಇನ್ನೊಂದು ಪಾಲಿಮರ್ ಬಲು ನಿಧಾನ, ಪೂರ್ತಿ ಕರಗಲು ಎರಡು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ಈ ಜೋಡಣೆಯಲ್ಲಿ ಪರಸ್ಪರ ಉಪಕಾರವೂ ಇದೆ. ಪಾಲಿಮರ್ ಒಡೆದು ಬರುವ ಆಮ್ಲ ಒಂದೆಡೆ ಕೂಡಿಕೊಂಡರೆ ಸುತ್ತಲಿನ ಅಂಗಾಂಶ ಉರಿಯೂತಕ್ಕೆ ಗುರಿಯಾಗಬಹುದು. ಬಯೋಗ್ಲಾಸ್ ಮತ್ತು ಹಲವು ಕ್ಯಾಲ್ಸಿಯಂ ಫಾಸ್ಫೇಟುಗಳು ಕರಗುವಾಗ ಆ ಆಮ್ಲತೆಯನ್ನು ತಗ್ಗಿಸುತ್ತವೆ.

ಆದರೂ ಪೊರೆಗೆ ಬೆಲೆ ತೆರಬೇಕು. ಮೂಳೆಯ ಜೀವಕೋಶಗಳು ಇಷ್ಟಪಡುವುದು ಸೆರಾಮಿಕ್ಕಿನ ಮೈಯನ್ನು, ಅದನ್ನೇ ಪಾಲಿಮರ್ ಮುಚ್ಚಿಬಿಡುತ್ತದೆ. ದಪ್ಪವಾಗಿ ಬಳಿದರೆ ಸಣ್ಣ ರಂಧ್ರಗಳು ಕಟ್ಟಿಹೋಗುತ್ತವೆ. ಪಾಲಿಮರನ್ನು ಕರಗಿಸಲು ಬಳಸಿದ ಕ್ಲೋರೊಫಾರ್ಮಿನಂಥ ದ್ರಾವಕದ ಶೇಷ ಉಳಿಯದಂತೆ ನೋಡಿಕೊಳ್ಳಬೇಕು. ಸೋಲ್‌ನ ಹ್ಯುನ್ ವೂ ಕಿಮ್, ಹ್ಯುನ್ ಈ ಕಿಮ್ ಮತ್ತು ಲಂಡನ್ನಿನ ಜೊನಾಥನ್ ನೋಲ್ಸ್ ಅವರು 2004ರಲ್ಲಿ ಪ್ರಕಟಿಸಿದ ಕೆಲಸ ಮೊದಲ ತೊಡಕಿಗೆ ಒಂದು ಪರಿಹಾರ ಸೂಚಿಸಿತು. ಸುಮಾರು 87 ಶೇಕಡಾ ರಂಧ್ರವಿದ್ದ ಹೈಡ್ರಾಕ್ಸಿಅಪಟೈಟ್ ಹಂದರಕ್ಕೆ ಅವರು ಬಳಿದದ್ದು ಬರಿಯ ಪಾಲಿಕ್ಯಾಪ್ರೊಲ್ಯಾಕ್ಟೋನನ್ನಲ್ಲ, ಹೈಡ್ರಾಕ್ಸಿಅಪಟೈಟಿನ ಪುಡಿಯನ್ನೂ ಬೆರೆಸಿದ ಮಿಶ್ರಣವನ್ನು. ಆ ಪೊರೆಯೊಳಗೇ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ಕನ್ನೂ ಸೇರಿಸಿದರು. ಪೊರೆ ಹೀಗೆ ಬಲ ನೀಡುವುದರ ಜೊತೆಗೆ ಔಷಧದ ಉಗ್ರಾಣವೂ ಆಯಿತು.

ಟೊರೊಂಟೊದಲ್ಲಿ ಇದೇ ಜೋಡಣೆಯನ್ನು ತಿರುವುಮುರುವಾಗಿಯೂ ಪ್ರಯೋಗಿಸಲಾಯಿತು. ಟೊರೊಂಟೊ ವಿಶ್ವವಿದ್ಯಾಲಯದ ಜಾನ್ ಡೇವಿಸ್ ಅವರ ಪ್ರಯೋಗಶಾಲೆಯಲ್ಲಿ ರೂಪುಗೊಂಡು 2004ರಲ್ಲಿ ಪ್ರಕಟವಾದ ಹಂದರದ ಮೈಕಟ್ಟು ಪಾಲಿಮರಿನದು, ಕ್ಯಾಲ್ಸಿಯಂ ಫಾಸ್ಫೇಟ್ ಅದರೊಡನೆ ಸೇರಿದ ಎರಡನೆಯ ವಸ್ತು. ಡೇವಿಸ್ ಅವರ ಗಮನವಿದ್ದದ್ದು ಮೂಳೆ ಕಟ್ಟುವ ಜೀವಕೋಶಗಳು ಹಂದರದ ಮೈಯವರೆಗೆ ತಲುಪುವ ಬಗೆಯ ಮೇಲೆ. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತದ ನಾರುಗಳು ಮೇಲ್ಮೈಗೆ ಬಿಗಿಯಾಗಿ ಅಂಟಿಕೊಂಡರಷ್ಟೇ ಜೀವಕೋಶಗಳು ಅವುಗಳ ಮೇಲೆ ಸಾಗಿ ಬಂದು ನೇರವಾಗಿ ಹಂದರದ ಮೇಲೆಯೇ ಮೂಳೆಯನ್ನು ಹಾಸುತ್ತವೆ ಎಂಬುದನ್ನು ಅವರು ಪ್ರತಿಪಾದಿಸಿದರು. ಹಾಗಾಗಿ ಹೊರಮೈ ಯಾವ ವಸ್ತುವಿನದು ಎಂಬುದರಷ್ಟೇ ಅದು ಎಷ್ಟು ತರಿತರಿಯಾಗಿದೆ ಎಂಬುದೂ ಮುಖ್ಯವಾಗುತ್ತದೆ.

ಪೊರೆಯೊಳಗಿನ ಔಷಧ

ಮೂಳೆಯ ಸೋಂಕು ವೈದ್ಯರ ಪಾಲಿಗೆ ಹಠಮಾರಿ ಕಾಯಿಲೆ. ಸತ್ತ ಮೂಳೆಯ ತುಣುಕಿಗೆ ರಕ್ತ ಹರಿಯುವುದಿಲ್ಲವಾದ್ದರಿಂದ ರಕ್ತದ ಮೂಲಕ ಸಾಗುವ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಅದರ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಅಡಗುತ್ತವೆ. ಶಸ್ತ್ರಚಿಕಿತ್ಸೆಯೊಂದಿಗೆ ನಾಲ್ಕರಿಂದ ಆರು ವಾರ ಆಂಟಿಬಯಾಟಿಕ್ ಕೊಡುವುದು ವಾಡಿಕೆ. ವ್ಯಾಂಕೊಮೈಸಿನ್, ಜೆಂಟಾಮೈಸಿನ್‌ನಂಥ ಔಷಧಗಳ ಪ್ರಮಾಣ ರಕ್ತದಲ್ಲಿ ಏರಿದರೆ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಸೋಂಕಿನ ಜಾಗದಲ್ಲೇ ಔಷಧವನ್ನಿಟ್ಟರೆ ಅಲ್ಲಿ ಅದರ ಸಾಂದ್ರತೆ ಹೆಚ್ಚು, ರಕ್ತದಲ್ಲಿ ಕಡಿಮೆ. 1970ರಿಂದ ಜರ್ಮನಿಯ ಬುಕ್‌ಹೋಲ್ಟ್ಸ್ ಅವರು ಕೀಲಿನ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿ ಈ ದಾರಿಯನ್ನು ತೆರೆದರು. ಮುಂದೆ ಅದೇ ಸಿಮೆಂಟಿನ ಮಣಿಗಳನ್ನು ಸರವಾಗಿ ಪೋಣಿಸಿ ಗಾಯದಲ್ಲಿಡುವ ಪದ್ಧತಿ ಬಂತು. ಆ ಮಣಿಗಳು ಕರಗುವುದಿಲ್ಲ, ಅವನ್ನು ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕು, ಅವು ಬಿಟ್ಟುಹೋದ ಖಾಲಿ ಜಾಗವನ್ನು ಮತ್ತೆ ತುಂಬಬೇಕು. ಔಷಧವನ್ನು ಹೊತ್ತ, ತಾನೇ ಕರಗುವ ಹಂದರವಾದರೆ ಮೂರು ಕೆಲಸಗಳು ಒಂದೇ ಬಾರಿಗೆ ಮುಗಿಯುತ್ತವೆ.

ಸೆರಾಮಿಕ್ಕಿನಲ್ಲಿ ನೇರವಾಗಿ ಔಷಧ ತುಂಬುವುದಕ್ಕೆ ಒಂದು ಅಡ್ಡಿಯಿದೆ: ಕುಲುಮೆಯ ಬಿಸಿಗೆ ಯಾವ ಔಷಧವೂ ಉಳಿಯುವುದಿಲ್ಲ. ಆಮೇಲೆ ಔಷಧದ ದ್ರಾವಣದಲ್ಲಿ ಅದ್ದಿ ತೆಗೆದರೆ ಅದು ಮೇಲ್ಮೈಗೆ ಅಂಟಿಕೊಂಡಿರುತ್ತದೆಯಷ್ಟೇ, ದೇಹದ ದ್ರವ ತಾಕಿದ ಕೆಲವೇ ಗಂಟೆಗಳಲ್ಲಿ ಹೆಚ್ಚಿನ ಪಾಲು ತೊಳೆದುಹೋಗುತ್ತದೆ. ಟೊರೊಂಟೊದ ಕ್ಯಾಲ್ಸಿಯಂ ಪಾಲಿಫಾಸ್ಫೇಟ್ ಪ್ರಬಂಧಗಳ ಸಹಲೇಖಕರಲ್ಲೊಬ್ಬರಾಗಿ, ಬಳಿಕ ಹ್ಯಾಲಿಫ್ಯಾಕ್ಸಿನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮುಂದುವರಿಸಿದ ಮಾರ್ಕ್ ಫಿಲಿಯಾಜಿ ಮತ್ತು ಸಂಗಡಿಗರು 2005ರಲ್ಲಿ ಪಾಲಿಮರಿನ ಸಹಾಯವಿಲ್ಲದ ಒಂದು ದಾರಿಯನ್ನು ಪ್ರಕಟಿಸಿದರು. ಸ್ಫಟಿಕವಾಗದೆ ಗಾಜಿನ ಸ್ಥಿತಿಯಲ್ಲಿರುವ ಪಾಲಿಫಾಸ್ಫೇಟ್ ತೇವದಲ್ಲಿ ಅಂಟಾಗುತ್ತದೆ. ಈ ಗುಣವನ್ನು ಬಳಸಿ, ಹೆಚ್ಚಿನ ಬಿಸಿಯಿಲ್ಲದೆ ವ್ಯಾಂಕೊಮೈಸಿನ್ನನ್ನು ಅದರೊಳಗೆ ಸೆರೆಹಿಡಿದು, ಮೂಳೆಯ ಸೋಂಕಿನ ಚಿಕಿತ್ಸೆಗಾಗಿ ಅದು ಹೊರಬರುವ ರೀತಿಯನ್ನು ಅಳೆದರು.

ಪಾಲಿಮರಿನ ಪೊರೆಯಲ್ಲಿಟ್ಟ ಔಷಧ ಹೊರಬರುವುದು ಎರಡು ಹಂತಗಳಲ್ಲಿ. ಮೊದಲ ದಿನ, ಮೇಲ್ಮೈಗೆ ಹತ್ತಿರವಿರುವ ಔಷಧ ಒಮ್ಮೆಲೇ ನುಗ್ಗಿ ಹೊರಬರುತ್ತದೆ. ಅನಂತರ ಪೊರೆಯೊಳಗೆ ನೀರು ನಿಧಾನವಾಗಿ ಇಳಿದಂತೆಯೂ ಪೊರೆಯೇ ಸವೆದಂತೆಯೂ ಉಳಿದದ್ದು ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಸೋಂಕಿನ ಚಿಕಿತ್ಸೆಯಲ್ಲಿ ಮೊದಲ ನುಗ್ಗು ಉಪಯುಕ್ತವೇ, ಏಕೆಂದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳು ಲೋಳೆಯ ಕೋಟೆ ಕಟ್ಟುವ ಮೊದಲೇ ಸಾಯಬೇಕು. ಅಪಾಯವಿರುವುದು ಕೊನೆಯ ಹಂತದಲ್ಲಿ: ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಸಾಲದ, ಆದರೆ ಅವು ಪ್ರತಿರೋಧ ಬೆಳೆಸಿಕೊಳ್ಳಲು ಸಾಕಾಗುವಷ್ಟು ಔಷಧ ತಿಂಗಳುಗಟ್ಟಲೆ ಜಿನುಗುತ್ತಿದ್ದರೆ ಚಿಕಿತ್ಸೆಯೇ ಮುಂದಿನ ಸೋಂಕಿಗೆ ದಾರಿ ಮಾಡಿಕೊಟ್ಟೀತು. ಆದ್ದರಿಂದ ಬಿಡುಗಡೆ ದೀರ್ಘವಾಗಿರುವುದು ಮಾತ್ರವಲ್ಲ, ಸರಿಯಾದ ಹೊತ್ತಿಗೆ ನಿಲ್ಲುವುದೂ ವಿನ್ಯಾಸದ ಭಾಗ.

ಮೂಳೆಯನ್ನು ಬೆಳೆಸುವ ಪ್ರೋಟೀನುಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಮಾರ್ಷಲ್ ಯೂರಿಸ್ಟ್ ಅವರು 1965ರಲ್ಲಿ, ಖನಿಜ ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುವುದನ್ನು ತೋರಿಸಿದ ಮೇಲೆ, ಅದಕ್ಕೆ ಕಾರಣವಾದ ಪ್ರೋಟೀನುಗಳಲ್ಲೊಂದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಕೊಲಾಜೆನ್ ಸ್ಪಂಜಿಗೆ ಹೀರಿಸಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸ್ಪಂಜು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲವಾದ್ದರಿಂದ ದೇಹದ ಸಹಜ ಪ್ರಮಾಣಕ್ಕಿಂತ ಬಹುಪಟ್ಟು ಹೆಚ್ಚಿನ ಮೊತ್ತವನ್ನು ಬಳಸಬೇಕಾಯಿತು. ಅನುಮತಿಯ ವ್ಯಾಪ್ತಿಯನ್ನು ಮೀರಿ ಕತ್ತಿನ ಬೆನ್ನುಮೂಳೆಯಲ್ಲಿ ಬಳಸಿದಾಗ ಊತದಿಂದ ಉಸಿರಾಟಕ್ಕೆ ಅಡ್ಡಿಯಾದ ಪ್ರಕರಣಗಳ ಬಗ್ಗೆ 2008ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತು. ಒಳ್ಳೆಯ ಔಷಧವೂ ಅದನ್ನು ಹೊತ್ತ ವಸ್ತುವಿನ ಹಿಡಿತ ಸಡಿಲವಾದರೆ ತೊಂದರೆ ತರಬಲ್ಲದೆಂಬುದಕ್ಕೆ ಇದು ನಿದರ್ಶನ.

ಪ್ರಯೋಗಶಾಲೆಯಿಂದ ಆಸ್ಪತ್ರೆಗೆ

ಸೆರಾಮಿಕ್ ಕಣಗಳ ರೂಪದ ಮೂಳೆ ಪರ್ಯಾಯಗಳು ಈಗಾಗಲೇ ವ್ಯಾಪಕ ಬಳಕೆಯಲ್ಲಿವೆ. ಜೆಂಟಾಮೈಸಿನ್ ಬೆರೆಸಿದ ಒಂದು ಸೆರಾಮಿಕ್ ಮಿಶ್ರಣಕ್ಕೆ 2022ರಲ್ಲಿ ಅಮೆರಿಕದಲ್ಲಿ ಮೂಳೆ ಸೋಂಕಿನ ಚಿಕಿತ್ಸೆಗಾಗಿ ಅನುಮತಿಯೂ ಸಿಕ್ಕಿದೆ. ಪಾಲಿಮರ್ ಲೇಪಿಸಿ ಔಷಧ ತುಂಬಿದ ಸರಂಧ್ರ ಹಂದರಗಳಾದರೋ ಬಹುಮಟ್ಟಿಗೆ ಇನ್ನೂ ಪ್ರಯೋಗಶಾಲೆ ಮತ್ತು ಪ್ರಾಣಿಪ್ರಯೋಗಗಳ ಹಂತದಲ್ಲಿವೆ, ಅದಕ್ಕೆ ಕಾರಣಗಳೂ ಸ್ಪಷ್ಟ. ಕೆನಡಾದ ಆರೋಗ್ಯ ಇಲಾಖೆ ವೈದ್ಯಕೀಯ ಸಾಧನಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ; ದೇಹದೊಳಗೆ ಉಳಿದು ಕರಗುವ ಸಾಧನಗಳು ಮೇಲಿನ ವರ್ಗಗಳಿಗೆ ಸೇರುತ್ತವೆ, ಅವುಗಳಲ್ಲಿ ಔಷಧವೂ ಕೂಡಿಕೊಂಡರೆ ಸಾಧನದ ಜೊತೆಗೆ ಔಷಧದ ಸುರಕ್ಷತೆ ಮತ್ತು ಗುಣವನ್ನೂ ಸಾಬೀತುಪಡಿಸಬೇಕು. ಕ್ರಿಮಿಶುದ್ಧಿ ಇನ್ನೊಂದು ತೊಡಕು: ಸೆರಾಮಿಕ್ಕನ್ನು ಹಬೆಯಲ್ಲಿ ಕಾಯಿಸಿ ಶುದ್ಧಗೊಳಿಸಬಹುದು, ಆದರೆ ಬಿಸಿ ಮತ್ತು ತೇವ ಲ್ಯಾಕ್ಟಿಕ್ ಆಮ್ಲದ ಪಾಲಿಮರನ್ನು ಕೆಡಿಸುತ್ತವೆ, ಗ್ಯಾಮಾ ವಿಕಿರಣ ಅದರ ಅಣುಸರಪಳಿಯನ್ನು ತುಂಡರಿಸಿ ಕರಗುವ ವೇಗವನ್ನೇ ಬದಲಿಸಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ರೋಗಿಗಳ ವೈವಿಧ್ಯ. ಪ್ರಯೋಗಕ್ಕೆ ಒಳಗಾಗುವ ಮೊಲ ಎಳೆಯದು, ಆರೋಗ್ಯವಂತ. ಜನವರಿಯಲ್ಲಿ ಟೊರೊಂಟೊ ಬಳಿಯ ಬ್ರಾಂಪ್ಟನ್ನಿನ ಹಿಮಗಟ್ಟಿದ ಕಾಲುದಾರಿಯಲ್ಲಿ ಜಾರಿಬಿದ್ದು ಮೂಳೆ ಮುರಿದುಕೊಂಡ ವೃದ್ಧೆಗೆ ಸಕ್ಕರೆ ಕಾಯಿಲೆಯಿರಬಹುದು, ಮೂಳೆ ಮೊದಲೇ ಟೊಳ್ಳಾಗಿರಬಹುದು. ಧೂಮಪಾನಿಯ ಮೂಳೆ ಕೂಡುವುದು ತಡವಾಗುತ್ತದೆ. ಒಬ್ಬರಲ್ಲಿ ಮೂರು ತಿಂಗಳಲ್ಲಿ ಬೆಳೆಯುವ ಮೂಳೆ ಇನ್ನೊಬ್ಬರಲ್ಲಿ ವರ್ಷ ತೆಗೆದುಕೊಂಡಾಗ ಇಬ್ಬರಿಗೂ ಒಂದೇ ವೇಗದಲ್ಲಿ ಕರಗುವ ಹಂದರ ಹೊಂದುವುದಿಲ್ಲ. ಜೊತೆಗೆ, ದೊಡ್ಡ ಹಂದರದ ನಡುಭಾಗಕ್ಕೆ ರಕ್ತನಾಳಗಳು ತಲುಪುವ ಮೊದಲೇ ಅಲ್ಲಿಯ ಜೀವಕೋಶಗಳು ಆಮ್ಲಜನಕವಿಲ್ಲದೆ ಸಾಯುವ ಸಮಸ್ಯೆಗೆ ಪೊರೆಯೊಂದೇ ಉತ್ತರವಾಗಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಮತ್ತು ಕೌಶಿಕ್ ಚಟರ್ಜಿ ಅವರ ತಂಡಗಳು ಸೇರಿದಂತೆ ಹಲವು ದೇಶಗಳ ಪ್ರಯೋಗಶಾಲೆಗಳು ಜೈವಿಕ ಸೆರಾಮಿಕ್ ಮತ್ತು ಪಾಲಿಮರುಗಳಲ್ಲಿ ಸಂಶೋಧನೆ ನಡೆಸುತ್ತಿವೆ; ರೋಗಿಯ ಸ್ಕ್ಯಾನಿನ ಆಧಾರದ ಮೇಲೆ ಮೂರು ಆಯಾಮದ ಮುದ್ರಣದಿಂದ ಹಂದರದ ಆಕಾರವನ್ನು ಪಡೆಯುವುದು ಈಗ ಸಾಧ್ಯವಾಗಿದೆ, ಕರಗುವ ವೇಗವನ್ನೂ ರೋಗಿಗೆ ತಕ್ಕಂತೆ ಹೊಂದಿಸುವುದು ಅದಕ್ಕಿಂತ ಕಷ್ಟದ ಕೆಲಸ.

ಸಾಮಾನ್ಯ ಓದುಗನಿಗೆ ಈ ವಸ್ತುಗಳು ಎದುರಾಗುವ ಮೊದಲ ಜಾಗ ಬಹುಶಃ ದಂತವೈದ್ಯರ ಕುರ್ಚಿ. ಹಲ್ಲು ಕಿತ್ತ ಮೇಲೆ ದವಡೆ ಸವೆಯದಂತೆ, ಕೃತಕ ಬೇರನ್ನು ಕೂರಿಸುವ ಮುನ್ನ ಗುಳಿಗೆ ಮೂಳೆ ಪರ್ಯಾಯದ ಕಣಗಳನ್ನು ತುಂಬುವುದು ಇಂದು ಸಾಮಾನ್ಯ. ಈ ಕಣಗಳಲ್ಲಿ ಕೆಲವು ದಾನಿಗಳ ಮೂಳೆಯಿಂದ, ಕೆಲವು ದನದ ಮೂಳೆಯಿಂದ ಸಾವಯವ ಅಂಶವನ್ನು ತೆಗೆದು ತಯಾರಾದವು, ಇನ್ನು ಕೆಲವು ಪೂರ್ತಿ ಕೃತಕ ಸೆರಾಮಿಕ್. ಆಹಾರದ ಮತ್ತು ಧರ್ಮದ ಕಟ್ಟುಪಾಡುಗಳನ್ನು ಪಾಲಿಸುವ ಕುಟುಂಬಗಳಿಗೆ ಈ ವ್ಯತ್ಯಾಸ ಮುಖ್ಯವಾಗಬಹುದು. ಕಣಗಳ ಮೂಲ ಯಾವುದು, ಅವು ಕರಗುತ್ತವೆಯೇ ಅಥವಾ ಉಳಿಯುತ್ತವೆಯೇ, ಕೃತಕ ಪರ್ಯಾಯವಿದೆಯೇ ಎಂದು ಚಿಕಿತ್ಸೆಗೆ ಮೊದಲೇ ಕೇಳುವ ಹಕ್ಕು ರೋಗಿಗಿದೆ.

ಪಿಲ್ಲಿಯರ್ ಅವರ ಸರಂಧ್ರ ಲೋಹದಿಂದ ಕರಗುವ ಸೆರಾಮಿಕ್ಕಿಗೆ, ಸೆರಾಮಿಕ್ಕಿನಿಂದ ಔಷಧ ಹೊತ್ತ ಪೊರೆಗೆ ಬರಲು ಈ ವಿಜ್ಞಾನಕ್ಕೆ ಮೂರು ದಶಕಗಳು ಬೇಕಾದವು. ಈ ಅವಧಿಯಲ್ಲಿ ಒಳ್ಳೆಯ ವಸ್ತುವಿನ ಲಕ್ಷಣವೇ ಬದಲಾಗಿದೆ: ಮೊದಲು ಅದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ನೋಡಲಾಗುತ್ತಿತ್ತು, ಈಗ ಅದು ಯಾವ ದಿನ ಎಷ್ಟು ಬಲ ಉಳಿಸಿಕೊಂಡಿರುತ್ತದೆ, ಎಷ್ಟು ಔಷಧ ಬಿಟ್ಟುಕೊಟ್ಟಿರುತ್ತದೆ, ಎಷ್ಟು ಜಾಗ ತೆರವು ಮಾಡಿರುತ್ತದೆ ಎಂಬುದನ್ನು ನೋಡಬೇಕಾಗಿದೆ. ಬಲ, ಔಷಧ, ಜಾಗ ಈ ಮೂರರ ಲೆಕ್ಕವೂ ಹೊಸ ಮೂಳೆಯ ಬೆಳವಣಿಗೆಯೊಂದಿಗೆ ತಾಳೆಯಾಗಬೇಕು. ಪ್ರಾಣಿಗಳಲ್ಲಿ ಅದು ತಾಳೆಯಾಗುವುದನ್ನು ತೋರಿಸಿದ ಪ್ರಬಂಧಗಳು ಸಾಕಷ್ಟಿವೆ; ವಯಸ್ಸು, ಕಾಯಿಲೆ, ಅಭ್ಯಾಸಗಳು ಬೇರೆಬೇರೆಯಾದ ಮನುಷ್ಯರಲ್ಲಿ ವರ್ಷಗಳ ಕಾಲ ಅನುಸರಿಸಿ ತೋರಿಸುವ ಅಧ್ಯಯನಗಳೇ ಇನ್ನು ಮುಂದೆ ಈ ಹಂದರಗಳ ಭವಿಷ್ಯವನ್ನು ನಿರ್ಧರಿಸಲಿವೆ.